ಈಜುಕೊಳದ ಕೆಳಗಿನ ಕೋಣೆ

ಫ್ಯಾನ್ ನಿಂತುಹೋಯಿತು.

ಗುಬ್ಬಿ ಪಂಪ್ ಕೋಣೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡು ನೆಲದ ಮೇಲೆ ಮಂಡಿಯೂರಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಚಿಮುಟ. ಕಬ್ಬಿಣದ ಬಾಗಿಲಿನ ತಳದಲ್ಲಿ ತುಕ್ಕು ಎದ್ದು ಮುಳ್ಳಿನಂತಾಗಿದ್ದ ಕಡೆ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ಆಗಷ್ಟೇ ಬಿಡಿಸಿಕೊಂಡಿದ್ದಳು. ಗೋಡೆಯ ಮೇಲುಭಾಗದಲ್ಲಿ ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತ ಗರಗರ ಸದ್ದು ಮಾಡುತ್ತಿದ್ದ ಫ್ಯಾನು ಒಂದೆರಡು ಸುತ್ತು ತಾನಾಗಿ ಓಲಾಡಿ ಸುಮ್ಮನಾದಾಗ, ಇಷ್ಟು ಹೊತ್ತೂ ಆ ಸದ್ದೇ ತನಗೆ ಜೊತೆಯಾಗಿತ್ತೆಂದು ಅವಳಿಗೆ ಗೊತ್ತಾಯಿತು.

ಆ ಫ್ಯಾನಿನ ಸ್ವಿಚ್ಚು ಇರುವುದು ಬಾಗಿಲಿನ ಹೊರಗೆ. ಚಿಲಕವೂ ಹೊರಗೇ.

ಹೋದ ವಾರ ಇದೇ ಕೋಣೆಯಲ್ಲಿ ಕನ್ನಡಕದಂಗಡಿ ಯಜಮಾನರು ಸತ್ತಿದ್ದರು. ಈಜುಕೊಳದ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಚೆಲ್ಲಿ ಎದ್ದ ಹೊಗೆ ಅವರ ಉಸಿರು ಕಟ್ಟಿಸಿತ್ತು.

ಗುಬ್ಬಿ ಟಾರ್ಚು ಆರಿಸಿದಳು. ಯಾಕೆ ಆರಿಸಿದಳೋ ಅವಳಿಗೇ ತಿಳಿಯದು. ತಲೆಯ ಮೇಲೆ, ಕಾಂಕ್ರೀಟಿನ ಆಚೆ, ಮಕ್ಕಳು ನೀರಿಗೆ ಧುಮುಕುವ ಸದ್ದು ಯಾರೋ ದೂರದಲ್ಲಿ ಹಾಸಿಗೆ ಕೊಡವಿದಂತೆ ಕೇಳುತ್ತಿತ್ತು. ಅವಳು ಕೆನ್ನೆಯನ್ನು ನೆಲಕ್ಕೆ ಒತ್ತಿ ಬಾಗಿಲಿನ ಕೆಳಗಿನ ಸಂದಿನಲ್ಲಿ ನೋಡಿದಳು.

ಬಿಳಿ ಕ್ಯಾನ್ವಾಸ್ ಬೂಟುಗಳು. ಅವುಗಳ ತುದಿ ಬಾಗಿಲ ಕಡೆಗೆ. ಅವು ಅಲುಗಾಡುತ್ತಿರಲಿಲ್ಲ.

ಠಾಣೆಯಲ್ಲಿ ಆಳೆತ್ತರದ ಕುಡುಕರನ್ನು ಕಾಲರ್ ಹಿಡಿದು ಎಳೆದು ತಂದವಳೆಂದು ಅವಳಿಗೆ ಹೆಸರಿತ್ತು. ಅಂಥವಳು ಬಾಗಿಲ ಹಿಡಿಗೆ ಕೈ ಚಾಚಲಾರದೆ, ಚಿಲಕ ಸರಿಯುವ ಸದ್ದಿಗೆ ಕಿವಿಗೊಟ್ಟು ಬಿದ್ದುಕೊಂಡಿದ್ದಳು. ಮೂಲೆಯಲ್ಲಿ ಪೇರಿಸಿಟ್ಟ ಆಸಿಡ್ ಕ್ಯಾನುಗಳ ವಾಸನೆ ಇದ್ದಕ್ಕಿದ್ದಂತೆ ಎರಡರಷ್ಟಾದಂತೆ ಅನಿಸಿತು. ಕೊನೆಗೆ ಎದ್ದು, ಇದ್ದಬದ್ದ ಬಲವನ್ನೆಲ್ಲ ಹಾಕಿ ಬಾಗಿಲನ್ನು ಎಳೆದಳು. ಅಷ್ಟು ಬಲ ಬೇಕಿರಲಿಲ್ಲ. ಬಾಗಿಲು ಸರಾಗವಾಗಿ ತೆರೆದುಕೊಂಡು ಅವಳೇ ಹಿಂದಕ್ಕೆ ಜೋಲಿ ಹೊಡೆದಳು.

ಹೊರಗೆ ಮಾವ ನಿಂತಿದ್ದ.

"ನೀನಾ ಒಳಗಿರೋದು?" ಅಂದ. "ಯಾರೋ ಫ್ಯಾನ್ ಹಾಕಿ ಮರೆತು ಹೋಗಿದ್ದಾರೆ ಅಂದ್ಕೊಂಡೆ."

"ಬಾಗಿಲು ತಟ್ಟಬಾರ್ದಾ ಮಾವ?"

"ಸತ್ತವರ ಕೋಣೆ ಬಾಗಿಲು ಯಾರಾದ್ರೂ ತಟ್ತಾರೇನೇ?" ಮಾವ ನಕ್ಕ. ಅವನ ನಗು ಎಂದಿನ ಹಾಗೇ ಇತ್ತು.

ಅಷ್ಟು ಹೊತ್ತು ಅಲ್ಲಿ ಸುಮ್ಮನೆ ಯಾಕೆ ನಿಂತಿದ್ದೆ ಎಂದು ಗುಬ್ಬಿ ಕೇಳಲಿಲ್ಲ. ಚಿಮುಟದ ತುದಿಯಲ್ಲಿದ್ದ ಎಳೆಯನ್ನು ಅಂಗೈಯೊಳಗೆ ಸೇರಿಸಿ ಮುಷ್ಟಿ ಬಿಗಿದಳು.

ಅವನು ಅವಳ ಅಮ್ಮನ ಅಣ್ಣ. ಅಪ್ಪ ಮನೆ ಬಿಟ್ಟು ಹೋದಾಗ ತಂಗಿಯನ್ನೂ ಪುಟ್ಟ ಸೊಸೆಯನ್ನೂ ತನ್ನ ಮನೆಗೆ ಕರೆತಂದು ಸಾಕಿದವನು. ಪೊಲೀಸ್ ಇಲಾಖೆ ಊರಿನ ಹುಡುಗ ಹುಡುಗಿಯರಿಗಾಗಿ ಕಟ್ಟಿಸಿದ ಈ ಯುವಜನ ಕೂಟದಲ್ಲಿ ಅವನು ಬಾಕ್ಸಿಂಗ್ ಕಲಿಸುತ್ತಿದ್ದ. ಎಲ್ಲರಿಗಿಂತ ಸಣ್ಣಗಿದ್ದ ಸೊಸೆಗೆ ದೊಗಲೆ ಗ್ಲೌಸು ತೊಡಿಸಿ ಗುಬ್ಬಿ ಎಂದು ಹೆಸರಿಟ್ಟವನೂ ಅವನೇ. ಅವಳು ಬೆಳೆದು ಪೊಲೀಸ್ ಇನ್ಸ್‌ಪೆಕ್ಟರ್ ಆದಳು. ಅವನು ಕೂಟದ ನಿರ್ದೇಶಕರಲ್ಲಿ ಒಬ್ಬನಾದ. ಹೆಸರು ಮಾತ್ರ ಬದಲಾಗಲಿಲ್ಲ.

ಮೆಟ್ಟಿಲು ಹತ್ತುತ್ತ ಮಾವ ಒಂದೇ ಸಮನೆ ಮಾತಾಡಿದ. ಕೂಟದ ಅಧ್ಯಕ್ಷರು ಅವಳನ್ನು ವಿಚಾರಿಸುತ್ತಿದ್ದರಂತೆ. ಸಾವಿನ ತನಿಖೆಯ ವರದಿ ಇನ್ನೂ ಕೊಡಲಿಲ್ಲವಲ್ಲ, ಹುಡುಗಿಗೆ ಏನಾದರೂ ತೊಂದರೆಯೇ ಎಂದು ಕೇಳಿದರಂತೆ. ಮುದುಕರು ಕಾಲು ಜಾರಿ ಕ್ಯಾನ್ ಬೀಳಿಸಿಕೊಂಡರು, ಅಷ್ಟು ಬರೆಯುವುದಕ್ಕೆ ಒಂದು ವಾರ ಬೇಕೇ ಎಂದು ಅವನೂ ತಮಾಷೆ ಮಾಡಿದ. ಅವಳು ಹೂಂಗುಟ್ಟುತ್ತ ಅವನ ಬೂಟುಗಳನ್ನೇ ನೋಡುತ್ತ ಹತ್ತಿದಳು.

ಮೇಲಿನ ಕಾರಿಡಾರಿನಲ್ಲಿ, ಸಭೆಯ ಕೋಣೆಯ ಪಕ್ಕದ ಗೋಡೆಯ ಮೇಲೆ ನಿರ್ದೇಶಕರ ಫೋಟೊಗಳು ತೂಗುತ್ತಿದ್ದವು. ಅಧ್ಯಕ್ಷರದು ಮೊದಲು. ನಿವೃತ್ತ ಪೊಲೀಸ್ ಅಧಿಕಾರಿ. ಕೂಟದಲ್ಲಿ ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಾರೆ. ಆಮೇಲೆ ಸಾಹೇಬರು, ಗುಬ್ಬಿಯ ಮೇಲಧಿಕಾರಿ. ಆ ಕುರ್ಚಿಯಲ್ಲಿ ಯಾರೇ ಕೂತರೂ ಕೂಟದ ನಿರ್ದೇಶಕರಾಗುವುದು ಪದ್ಧತಿ. ಆಮೇಲೆ ಮುಖ್ಯ ಬೀದಿಯಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರಮ್ಮ. ಕೊನೆಗೆ ಮಾವ.

ನಿರ್ದೇಶಕರೇ ಆಗಿದ್ದ ಕನ್ನಡಕದಂಗಡಿ ಯಜಮಾನರ ಫೋಟೊ ಇರಲಿಲ್ಲ. ಅದು ಇದ್ದ ಜಾಗವೂ ಇರಲಿಲ್ಲ. ಉಳಿದ ಫೋಟೊಗಳನ್ನು ಸರಿಸಿ, ಹೊಸ ಮೊಳೆ ಹೊಡೆದು, ನಡುವೆ ಖಾಲಿ ಕಾಣದ ಹಾಗೆ ಸಮವಾಗಿ ತೂಗುಹಾಕಿದ್ದರು. ಹಳೆಯ ಮೊಳೆಗಳ ತೂತಿಗೆ ಸುಣ್ಣವನ್ನೂ ಮೆತ್ತಿಯಾಗಿತ್ತು. ಅದು ಇನ್ನೂ ಒದ್ದೆಯಾಗಿತ್ತು.

ಅವಳು ಕಾರಿಡಾರಿನ ಕೊನೆಯ ಕಿಟಕಿಯ ಬಳಿ ಬಂದು, ಮಾವ ರಿಂಗಿನ ಕಡೆ ಹೋದನೆಂದು ಖಾತ್ರಿ ಮಾಡಿಕೊಂಡು ಮುಷ್ಟಿ ಬಿಚ್ಚಿದಳು.

ಬೆರಳುದ್ದದ ಎಳೆ. ಒಂದು ತುದಿ ಹಸಿರು. ಇನ್ನೊಂದು ತುದಿ ಬೆಳ್ಳಗೆ, ಎಷ್ಟೋ ಸಲ ಕಾಸಿ ಒಗೆದಂತೆ ಬೆಳ್ಳಗೆ. ನಡುವೆ ಕತ್ತರಿಸಿದಂಥ ಗೆರೆ. ಬಾಗಿಲಿಗೆ ಸಿಕ್ಕಿಕೊಂಡಿದ್ದಾಗ ಬೆಳ್ಳಗಿನ ತುದಿ ಕೋಣೆಯ ಒಳಗಿತ್ತು, ಹಸಿರು ತುದಿ ಹೊರಗಿತ್ತು.

ಆ ಹೊಗೆ ಬಣ್ಣವನ್ನು ತಿನ್ನುತ್ತದೆ. ಸತ್ತವರ ನೀಲಿ ಅಂಗಿಯೇ ತೋಳಿನುದ್ದಕ್ಕೂ ಬಿಳಿಚಿಕೊಂಡಿತ್ತು. ಹಾಗಾದರೆ ಹೊಗೆ ಎದ್ದಾಗ ಬಾಗಿಲಿನ ಕೆಳಗಿನ ಸಂದಿಗೆ ಹಸಿರು ಬಟ್ಟೆಯೊಂದನ್ನು ತುರುಕಿದ್ದರು. ಒಳಗಿನವರ ಉಸಿರಿಗೆ ಗಾಳಿ ಸಿಗಬಾರದೆಂದೋ, ಹೊಗೆ ಮೇಲೆ ಮಕ್ಕಳ ತನಕ ಬರಬಾರದೆಂದೋ. ಆಮೇಲೆ ಅದನ್ನು ಎಳೆದು ತೆಗೆದು, ಚಿಲಕ ಸರಿಸಿ, ಫ್ಯಾನ್ ಹಾಕಿ ಹೋಗಿದ್ದರು. ಕಾಲು ಜಾರಿ ಬಿದ್ದವರು ಬಾಗಿಲಿಗೆ ಹೊರಗಿನಿಂದ ಬಟ್ಟೆ ತುರುಕಿಕೊಳ್ಳುವುದಿಲ್ಲ.

ಯಜಮಾನರ ಹೆಂಡತಿ ಹೇಳಿದ್ದ ಮಾತು ಅವಳಿಗೆ ನೆನಪಾಯಿತು. ಗಂಡನಿಗೆ ವಿಪರೀತ ಮಂಡಿನೋವು, ಮಹಡಿಯಲ್ಲಿದ್ದ ಅಂಗಡಿಯನ್ನೇ ಕೆಳಕ್ಕೆ ಇಳಿಸಿಕೊಂಡವರು, ಪಂಪಿನ ಮೋಟಾರು ನೋಡುವ ಚಪಲಕ್ಕೆ ಅಷ್ಟು ಮೆಟ್ಟಿಲು ಇಳಿದರು ಎಂದರೆ ನಾನು ನಂಬುವುದಿಲ್ಲ ಎಂದು ಆಕೆ ಹೇಳಿದ್ದಳು. ಯಾರೋ ಕೈ ಹಿಡಿದು ಇಳಿಸಿದ್ದರು. ಯಾರ ಕೈ ಹಿಡಿದು ಅವರು ನೋವನ್ನು ಲೆಕ್ಕಿಸದೆ ಇಳಿಯುತ್ತಿದ್ದರು? ಪರಿಚಯದವರದೇ ಇರಬೇಕು.

ಜೇಬಿನಲ್ಲಿ ಫೋನು ಅದುರಿತು. ಸಾಹೇಬರು. ಅವರ ದನಿ ಮೆತ್ತಗಿತ್ತು. ಅವರು ಬೈಯುವ ದಿನಗಳಲ್ಲಿ ಗುಬ್ಬಿಗೆ ಇಷ್ಟು ಹೆದರಿಕೆಯಾದದ್ದಿಲ್ಲ. ಸಂಜೆಯೊಳಗೆ ವರದಿ ಮುಗಿಸಿ ಕೊಡು ಅಂದರು. ಈ ಕೇಸನ್ನು ನಿನಗೇ ಕೊಟ್ಟಿದ್ದು ಯಾಕೆ ಗೊತ್ತಾ, ನೀನು ಕೂಟದ ಮಗು, ಕೂಟದ ಮರ್ಯಾದೆ ನಿನಗೆ ಗೊತ್ತಿರುತ್ತದೆ ಅಂತ, ಅಂದರು.

ಇಷ್ಟು ದಿನ ಅದನ್ನು ಅವಳು ಹೊಗಳಿಕೆ ಎಂದುಕೊಂಡಿದ್ದಳು. ಈಗ ಕಿಟಕಿಯ ಸರಳು ಹಿಡಿದುಕೊಂಡು ನಿಂತಾಗ ಅದರ ಇನ್ನೊಂದು ಮುಖ ಕಂಡಿತು. ಹುಡುಕುವುದಿಲ್ಲವೆಂದು ಖಾತ್ರಿ ಇದ್ದವಳ ಕೈಗೇ ಹುಡುಕುವ ಕೆಲಸ ಕೊಟ್ಟಿದ್ದರು.

ಕೂಟದ ಟವೆಲುಗಳೆಲ್ಲ ನೀಲಿ. ಪರದೆಗಳು ಹಳದಿ. ಹಸಿರು ಬಟ್ಟೆಯನ್ನು ಅವಳು ಎಲ್ಲಿ ನೋಡಿದ್ದಳು ಎಂಬುದು ಅವಳ ಹಲ್ಲಿಗೇ ಮೊದಲು ನೆನಪಾಯಿತು. ಬಲಗಡೆಯ ಹಿಂದಿನ ಹಲ್ಲೊಂದು ಮೂರ್ನಾಲ್ಕು ದಿನದಿಂದ ಚಳಕು ಹೊಡೆಯುತ್ತಿತ್ತು. ಈ ಕೇಸು ಬಂದಾಗಿನಿಂದ ನೀನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು ಮಲಗಿದ ಹಾಗಾಗುತ್ತದೆ ಎಂದು ಅಮ್ಮ ದೂರಿದ್ದಳು. ಹಲ್ಲು ತೋರಿಸಲು ಹೋದಾಗಲೆಲ್ಲ ಕುತ್ತಿಗೆಯ ಸುತ್ತ ಸಿಕ್ಕಿಸುವ ಬಟ್ಟೆ ಹಸಿರು.

*

ಸಂಜೆ ಮಹಡಿಯ ಮೇಲಿನ ಕ್ಲಿನಿಕ್ಕು ತೆರೆಯುವ ಹೊತ್ತಿಗೇ ಗುಬ್ಬಿ ಹೋದಳು, ಬೇರೆ ರೋಗಿಗಳಿರಲಿಲ್ಲ. ಗಾಜಿನ ಗೋಡೆಯ ಆಚೆ ಮೇಜಿನ ಹಿಂದೆ ಕೂತಿದ್ದ ಯುವತಿ ಗುಬ್ಬಿಯ ಯೂನಿಫಾರ್ಮನ್ನು ನೋಡಿ ಎದ್ದು ನಿಂತಳು, ಹಲ್ಲುನೋವು ಎಂದು ಕೇಳಿ ಕೂತಳು.

ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. ಐವತ್ತು ದಾಟಿದ, ಎತ್ತರದ ಹೆಂಗಸು. ಕೂಟದ ಮಕ್ಕಳ ಹಲ್ಲುಗಳನ್ನೆಲ್ಲ ಪುಕ್ಕಟೆ ನೋಡಿಕೊಡುತ್ತಿದ್ದವರು. ಗುಬ್ಬಿಯ ಮೊದಲ ಪಂದ್ಯದಲ್ಲಿ ಮುರಿದ ಮುಂದಿನ ಹಲ್ಲನ್ನು ಕೂಡಿಸಿಕೊಟ್ಟವರೂ ಅವರೇ. ತಟ್ಟೆಯ ಪಕ್ಕ ಮಡಿಸಿಟ್ಟ ಹಸಿರು ಬಟ್ಟೆಗಳಿದ್ದವು.

ಗುಬ್ಬಿ ಗಾಜಿಗೆ ಬೆನ್ನು ಮಾಡಿ ನಿಂತು, ಸಣ್ಣ ಪ್ಲಾಸ್ಟಿಕ್ ಕವರನ್ನು ಅಂಗೈ ಮೇಲಿಟ್ಟು ಚಾಚಿದಳು. ಎಲ್ಲಿ ಸಿಕ್ಕಿತೆಂದು ಮೆಲ್ಲಗೆ ಹೇಳಿದಳು.

ಡಾಕ್ಟರಮ್ಮ ಎಳೆಯನ್ನು ನೋಡಿದರು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅದನ್ನು ನಿಲ್ಲಿಸುವುದು ಅವರಿಗೆ ಮರೆತೇ ಹೋದಂತಿತ್ತು.

"ಮಲ್ಕೋ," ಅಂದರು ಕೊನೆಗೆ. "ಬಾಯಿ ತೆಗಿ."

"ಡಾಕ್ಟರಮ್ಮ, ನಾನು ಬಂದಿದ್ದು..."

"ಯಾಕೆ ಬಂದೆ ಅಂತ ಗೊತ್ತಾಯ್ತು. ಗಾಜಿನಾಚೆ ಕೂತಿದ್ದಾಳಲ್ಲ, ದೊಡ್ಡವರ ತಮ್ಮನ ಮಗಳು. ನಾನು ಕೆಲಸಕ್ಕೆ ಕರ್ಕೊಂಡವಳಲ್ಲ, ಅವರು ಕಳಿಸಿದವಳು. ನನ್ನ ಕೈ ನಿನ್ನ ಬಾಯಲ್ಲಿರೋ ತನಕ ನಾವು ಮಾತಾಡ್ತಿದ್ದೀವಿ ಅಂತ ಅವಳಿಗೆ ಅನ್ಸಲ್ಲ."

ಕುರ್ಚಿ ಹಿಂದಕ್ಕೆ ಬಾಗಿತು. ತಲೆ ಕಾಲಿಗಿಂತ ಕೆಳಗಾಯಿತು. ದೀಪ ಕಣ್ಣಿಗೆ ರಾಚಿತು. ಮಾಸ್ಕಿನ ಮೇಲೆ ಡಾಕ್ಟರಮ್ಮನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಕುತ್ತಿಗೆಗೆ ಹಸಿರು ಬಟ್ಟೆ ಬಿತ್ತು. ಅದು ಒಗೆದು ಇಸ್ತ್ರಿ ಮಾಡಿದ, ಯಾವ ಪಾಪವೂ ಅರಿಯದ ಬಟ್ಟೆ. ಆದರೂ ಅದು ಚರ್ಮಕ್ಕೆ ತಾಗದಂತೆ ಗುಬ್ಬಿ ಗದ್ದ ಎತ್ತಿದಳು.

"ಹಲ್ಲು ನಿಜವಾಗ್ಲೂ ಸೀಳಿದೆ," ಡಾಕ್ಟರಮ್ಮ ಅಂದರು. "ಮರಗಟ್ಟಿಸ್ಬೇಕು."

ಸೂಜಿ ಎತ್ತಿದರು. ಅದರೊಳಗಿನ ದ್ರವ ನೀರಿನಷ್ಟು ತಿಳಿಯಾಗಿತ್ತು. ಏನು ಬೇಕಾದರೂ ಆಗಿರಬಹುದಿತ್ತು. ಬೇಡ ಎಂದು ಎದ್ದುಬಿಡಲು ಗುಬ್ಬಿಗೆ ಒಂದು ಕ್ಷಣವಿತ್ತು. ಎದ್ದರೆ ಗಾಜಿನಾಚೆಯ ಹುಡುಗಿ ನೋಡುತ್ತಾಳೆ. ಈ ಹೆಂಗಸು ಇನ್ನೆಂದೂ ಬಾಯಿ ಬಿಡುವುದಿಲ್ಲ. ಅವಳು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಬಾಯಿ ತೆರೆದಳು. ಸೂಜಿ ವಸಡಿನ ಆಳಕ್ಕೆ ಇಳಿಯಿತು, ತುಂಬ ಹೊತ್ತು ಅಲ್ಲೇ ಇತ್ತು.

"ಮಾತಿನ ಕೋಣೆ ಗೊತ್ತಲ್ಲ ನಿಂಗೆ," ಡಾಕ್ಟರಮ್ಮ ಕನ್ನಡಿ ಹಿಡಿದು ಬಾಯೊಳಗೆ ಬಗ್ಗಿ ಹೇಳಿದರು.

ಗೊತ್ತಿಲ್ಲದೆ ಏನು. ಕೂಟದ ಹಿಂದಿನ ಸಣ್ಣ ಕೋಣೆ. ಮನೆಯಲ್ಲಿ ಹೇಳಲಾಗದ್ದನ್ನು ಮಕ್ಕಳು ಅಲ್ಲಿ ಒಬ್ಬ ಹಿರಿಯರ ಮುಂದೆ ಹೇಳಿಕೊಳ್ಳಬಹುದು. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂದು ಭರವಸೆ. ಕನ್ನಡಕದಂಗಡಿ ಯಜಮಾನರು ವಾರದಲ್ಲಿ ಕೆಲವು ಮಧ್ಯಾಹ್ನ ಅಲ್ಲಿ ಕೂರುತ್ತಿದ್ದರು. ಎದುರಿಗೆ ಕೂತ ಮಗು ಮಾತಾಡಲು ಹಿಂಜರಿದರೆ, ಕೊಡಪ್ಪಾ ನಿನ್ನ ಕನ್ನಡಕ ಸಡಿಲಾಗಿದೆ ಎಂದು ಇಸಿದುಕೊಂಡು ತಿರುಪು ಬಿಗಿಯುತ್ತ ಕೂತುಬಿಡುತ್ತಿದ್ದರಂತೆ. ಮಗು ತಾನಾಗಿ ಮಾತಾಡುತ್ತಿತ್ತು.

ಡಾಕ್ಟರಮ್ಮ ಹೇಳುತ್ತ ಹೋದರು, ಗುಬ್ಬಿ ಬಾಯಿ ತೆರೆದು ಕೇಳುತ್ತ ಹೋದಳು. ಆ ಕೋಣೆಯ ಗೋಡೆ ಗಡಿಯಾರ ನಿಂತುಹೋಗಿತ್ತು. ಸುಮ್ಮನೆ ಕೂರಲಾರದ ಯಜಮಾನರು ತಮ್ಮ ಪುಟ್ಟ ಸ್ಕ್ರೂಡ್ರೈವರಿನಿಂದ ಅದನ್ನು ಬಿಚ್ಚಿದರು. ಒಳಗೆ ಕಡಲೆಕಾಳಿನಷ್ಟು ಮೈಕು ಸಿಕ್ಕಿತು. ತಂತಿ ಗೋಡೆಯೊಳಗೆ ಹೋಗಿತ್ತು. ಅವತ್ತಿನ ಸಂಜೆ ನಿರ್ದೇಶಕ ಮಂಡಳಿಯ ಸಭೆಯಲ್ಲಿ ಅದನ್ನು ತಂದು ಮೇಜಿನ ಮೇಲೆ ಇಟ್ಟರು. ಇದು ಏನು, ಯಾರು ಇಟ್ಟದ್ದು ಎಂದು ಕೇಳಿದರು.

"ನಾವ್ಯಾರೂ ಉತ್ತರ ಕೊಡ್ಲಿಲ್ಲ," ಅಂದರು ಡಾಕ್ಟರಮ್ಮ. "ಆ ಮೈಕು ಇಡೋಕೆ ಒಪ್ಪಿ ಕೈ ಎತ್ತಿದ್ದೇ ನಾವು. ಅವರು ಮಂಡಳಿಗೆ ಬರೋಕೆ ಮುಂಚೆ. ಮಕ್ಕಳು ಕೆಟ್ಟ ದಾರಿ ಹಿಡಿದ್ರೆ ಮೊದಲೇ ಗೊತ್ತಾಗುತ್ತೆ, ಕಾಪಾಡ್ಬಹುದು ಅಂತ ದೊಡ್ಡವರು ಹೇಳಿದ್ರು. ಒಳ್ಳೇದಕ್ಕೇ ಅಂತ ನಾನೂ ಕೈ ಎತ್ತಿದೆ."

ಅವರು ಬಾಯಿಂದ ಕೈ ತೆಗೆದರು, ಎಕ್ಸ್‌ರೇ ನೋಡುವವರಂತೆ ದೀಪದ ಕಡೆ ತಿರುಗಿದರು. ಮಾತಾಡು ಎಂಬ ಸನ್ನೆ ಅದು.

"ಅಷ್ಟಕ್ಕೇ ಕೊಲ್ತಾರಾ?" ಗುಬ್ಬಿ ತುಟಿ ಅಲುಗಿಸದೆ ಕೇಳಿದಳು. ಬಲಗಡೆಯ ತುಟಿ ಆಗಲೇ ದಪ್ಪವಾಗುತ್ತಿತ್ತು.

"ಅಷ್ಟಕ್ಕೇ ಅಲ್ಲ. ಗ್ಯಾರೇಜಿನ ಹುಡುಗಿ ಏನಾದ್ಲು ಅಂತ ಕೇಳಿದ್ರು."

ಗ್ಯಾರೇಜಿನ ಹುಡುಗಿ ಗುಬ್ಬಿಗೆ ಗೊತ್ತಿದ್ದವಳು. ಬೈಕ್ ರಿಪೇರಿ ಮಾಡುತ್ತ ಸಂಜೆ ಬಾಕ್ಸಿಂಗ್ ಕಲಿಯುತ್ತಿದ್ದಳು. ಉಗುರಿನ ಸಂದಿಯ ಗ್ರೀಸು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ನನ್ನನ್ನು ಯಾರಾದರೂ ಕೊಂದರೆ ಗುರುತು ಹಿಡಿಯಲು ಬೆರಳಚ್ಚೇ ಬೇಡ ಎಂದು ನಗುತ್ತಿದ್ದಳು. ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಕಾಣದಾದಳು. ಯಾರ ಜೊತೆಯೋ ಓಡಿಹೋದಳು ಎಂದು ಊರು ಆಡಿಕೊಂಡಿತು. ಠಾಣೆಯಲ್ಲಿ ಗುಬ್ಬಿಯೂ ಹಾಗೇ ಅಂದುಕೊಂಡಿದ್ದಳು.

"ಕಳುವಾದ ಬೈಕುಗಳು ಅವಳ ಗ್ಯಾರೇಜಿಗೆ ಎಲ್ಲಿಂದ ಬರ್ತಿದ್ವು ಗೊತ್ತಾ?" ಡಾಕ್ಟರಮ್ಮ ಮತ್ತೆ ಬಗ್ಗಿದರು. ಅವರ ಉಸಿರು ಮಾಸ್ಕಿನೊಳಗೆ ಏರಿಳಿಯುವುದು ಕೇಳುತ್ತಿತ್ತು. "ನಿಮ್ಮ ಠಾಣೆ ಹಿತ್ತಲಿಂದ. ಹಿಡಿದು ತಂದ ಬೈಕುಗಳೇ ನಂಬರ್ ಬದಲಾಗಿ ಹೊರಗೆ ಹೋಗ್ತಿದ್ವು. ಅವಳು ಅದನ್ನ ಮಾತಿನ ಕೋಣೇಲಿ ಯಜಮಾನರ ಹತ್ರ ಹೇಳಿದ್ಲು. ಗಡಿಯಾರದ ಕೆಳಗೆ ಕೂತ್ಕೊಂಡು."

ಗುಬ್ಬಿ ಕುರ್ಚಿಯ ಕೈಗಳನ್ನು ಒತ್ತಿ ಏಳಲು ಹೋದಳು. ಡಾಕ್ಟರಮ್ಮನ ಅಂಗೈ ಅವಳ ಹಣೆಯನ್ನು ಮೆಲ್ಲಗೆ, ಆದರೆ ಬಿಡದಂತೆ, ಹಿಂದಕ್ಕೆ ಒತ್ತಿತು.

"ಅವಳು ನೋಡ್ತಿದ್ದಾಳೆ. ಅಲುಗಬೇಡ."

ಗಾಜಿನಾಚೆ ಕುರ್ಚಿ ಸರಿದ ಸದ್ದಾಯಿತು. ಡಾಕ್ಟರಮ್ಮ ಹಲ್ಲು ಕೊರೆಯುವ ಯಂತ್ರವನ್ನು ಎತ್ತಿ ಕಾಲಿನಡಿಯ ಗುಂಡಿ ಒತ್ತಿದರು. ಅದರ ಕೀರಲು ಸದ್ದು ಕೋಣೆ ತುಂಬಿತು. ಹಲ್ಲಿನ ಹತ್ತಿರ, ಹಲ್ಲಿಗೆ ತಾಗಿಸದೆ, ಸುಮ್ಮನೆ ತಿರುಗಿಸುತ್ತ ಹಿಡಿದುಕೊಂಡರು. ನಾಲಿಗೆ ಒಂದು ಚೂರು ಕದಲಿದರೆ ಸೀಳಿಹೋಗುವಷ್ಟು ಹತ್ತಿರ. ಆ ಸದ್ದಿನ ಅಡಿಯಲ್ಲಿ ಅವರು ಮುಂದಿನ ಮಾತು ಹೇಳಿದರು.

"ಚಳಿಗಾಲದಲ್ಲಿ ಕಾಲುವೇಲಿ ಒಂದು ಹೆಣ ಸಿಕ್ತು, ನೆನಪಿದೆಯಾ? ಗುರುತು ಹಿಡಿಯೋ ಹಾಗಿರ್ಲಿಲ್ಲ. ನನ್ನನ್ನ ಕರೆಸಿದ್ರು. ಹಲ್ಲು ನೋಡಿ ಗ್ಯಾರೇಜಿನ ಹುಡುಗೀದಾ ಹೇಳಿ ಅಂದ್ರು. ಸಾಹೇಬರು ಪಕ್ಕದಲ್ಲೇ ನಿಂತಿದ್ರು."

ಯಂತ್ರ ತಿರುಗುತ್ತಲೇ ಇತ್ತು.

"ಹಿಂದಿನ ಸಾಲಿನಲ್ಲಿ ನಾನೇ ತುಂಬಿದ ಹಲ್ಲು. ನನ್ನ ಕೈಕೆಲಸ ನಂಗೆ ಗೊತ್ತಾಗಲ್ವಾ. ಅವಳದಲ್ಲ ಅಂದೆ."

ಗುಬ್ಬಿಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ದೀಪದ ಬೆಳಕಿಗೋ, ಯಂತ್ರದ ಹೆದರಿಕೆಗೋ, ಆ ಗ್ರೀಸು ಮೆತ್ತಿದ ಉಗುರುಗಳಿಗೋ ತಿಳಿಯಲಿಲ್ಲ. ಡಾಕ್ಟರಮ್ಮ ಹಸಿರು ಬಟ್ಟೆಯ ತುದಿಯಿಂದ ಅದನ್ನು ಒರೆಸಿದರು.

ಯಂತ್ರ ನಿಂತಿತು. ಅವರು ನೀರಿನ ಲೋಟ ಕೊಟ್ಟರು. ಬಾಯಿ ಮುಕ್ಕಳಿಸುವ ನೆಪದಲ್ಲಿ ಗುಬ್ಬಿ ಬಗ್ಗಿ, ತನಗೆ ಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದಳು. ನಾಲಿಗೆಯ ಅರ್ಧ ಸತ್ತಿತ್ತು, ಮಾತು ತೊದಲಿತು.

"ಬಾಗಿಲಿಗೆ ಬಟ್ಟೆ ತುರುಕಿದ್ದು ಯಾರು?"

"ನಾನು ನೋಡ್ಲಿಲ್ಲ. ಅದೇ ಸಭೆ ಮಧ್ಯೆ ದೊಡ್ಡವರು ಬಿಡುವು ಕೊಟ್ರು. ನಾನು ಫೋನಲ್ಲಿ ಮಾತಾಡೋಕೆ ಅಂಗಳಕ್ಕೆ ಹೋದೆ. ವಾಪಸ್ ಬಂದಾಗ ಮೂವರೂ ಅವರವರ ಕುರ್ಚೀಲಿ ಕೂತಿದ್ರು. ಯಜಮಾನರು ಮೋಟಾರು ನೋಡೋಕೆ ಕೆಳಗೆ ಹೋದ್ರು ಅಂದ್ರು. ನಾನು ಕೇಳ್ಲಿಲ್ಲ. ಕೇಳೋ ಧೈರ್ಯ ಆಗ್ಲಿಲ್ಲ."

"ಬಟ್ಟೆ ನಿಮ್ದು."

"ನಂದೇ. ಪಂದ್ಯದಲ್ಲಿ ಮಕ್ಕಳ ಮುಖ ಒರೆಸೋಕೆ ಬೇಕು ಅಂತ ಕೇಳಿದ್ರು, ಅವತ್ತು ಒಂದು ಕಟ್ಟು ತಗೊಂಡು ಹೋಗಿ ಕೊಟ್ಟಿದ್ದೆ."

"ಯಾರಿಗೆ?"

ಡಾಕ್ಟರಮ್ಮ ಉತ್ತರಿಸಲು ತಡ ಮಾಡಿದರು. ಆ ತಡದಲ್ಲೇ ಗುಬ್ಬಿಗೆ ಉತ್ತರ ತಿಳಿಯಿತು. ತಿಳಿದರೂ ಕಿವಿಯಿಂದ ಕೇಳದಿದ್ದರೆ ಅದು ನಿಜವಾಗುವುದಿಲ್ಲ ಎಂಬಂತೆ ಅವಳು ಲೋಟವನ್ನೇ ನೋಡುತ್ತ ಕಾದಳು.

"ನಿನ್ನ ಮಾವಂಗೆ," ಅಂದರು. "ನಾನು ವಾಪಸ್ ಬಂದಾಗ ಅವರ ಕಣ್ಣು ಕೆಂಪಗಿತ್ತು. ಆ ಹೊಗೆ ತಾಗಿದ್ರೆ ಹಾಗಾಗುತ್ತೆ. ಅತ್ತಿದ್ರೂ ಹಾಗಾಗುತ್ತೆ. ಯಾವುದು ಅಂತ ನಂಗೆ ಗೊತ್ತಿಲ್ಲ ಗುಬ್ಬಿ."

ಗುಬ್ಬಿ ಲೋಟವನ್ನು ಇಡಲು ಹೋದಳು. ಅದು ಅಂಚಿಗೆ ತಾಗಿ ಉರುಳಿತು. ಯಜಮಾನರ ಮಂಡಿ ನೆನಪಾಯಿತು. ಕೂಟದಲ್ಲಿ ನೋವಿದ್ದವರ ತೋಳಿಗೆ ತೋಳು ಕೊಟ್ಟು ನಡೆಸುವವನು ಯಾರು? ಉಳುಕಿದ ಕಾಲು, ಊದಿದ ಮೊಣಕೈ, ಎಲ್ಲಕ್ಕೂ ಎಣ್ಣೆ ನೀವಿ, ಬಾ ನಿಧಾನಕ್ಕೆ, ನಾನಿದ್ದೀನಿ ಎನ್ನುವವನು ಒಬ್ಬನೇ. ಎಷ್ಟು ಸೋಲುಗಳ ಬಳಿಕ ಆ ತೋಳೇ ಅವಳನ್ನು ರಿಂಗಿನಿಂದ ಕೆಳಗಿಳಿಸಿತ್ತೋ.

"ನೀವು ಇದನ್ನೆಲ್ಲ ಹೇಳಿಕೆಯಾಗಿ ಕೊಡ್ಬೇಕು," ಅಂದಳು. ಮಾತು ಕಲಸಿಕೊಂಡು ಹೊರಬಿತ್ತು. ಕುಡಿದವರ ಮಾತಿನಂತೆ.

"ಯಾರಿಗೆ ಕೊಡ್ಲಿ? ನಿನ್ನ ಸಾಹೇಬರಿಗಾ?"

ಸಾಹೇಬರನ್ನು ಬಿಟ್ಟು ಮೇಲಕ್ಕೆ ಹೋಗಬೇಕು. ಅವಳ ತರಬೇತಿಯ ಕಾಲದಲ್ಲಿ ಪಾಠ ಹೇಳಿದ ಬೇರೆ ಊರಿನ ಅಧಿಕಾರಿಯೊಬ್ಬರು ಈಗ ಮೇಲಿನ ಕಚೇರಿಯಲ್ಲಿದ್ದರು. ಇಲ್ಲಿಂದ ನೇರವಾಗಿ ಬಸ್ ಹತ್ತಬೇಕು, ಮನೆಗೂ ಹೋಗಬಾರದು, ಅಮ್ಮನಿಗೆ ದಾರಿಯಲ್ಲಿ ಫೋನ್ ಮಾಡಿದರಾಯಿತು ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಆಗ ಗಾಜಿನಾಚೆ ಯಾರೋ ನಕ್ಕಿದ್ದು ಕೇಳಿತು. ಎಂದಿನ ಹಾಗೇ ಇದ್ದ ನಗು.

ಬಾಗಿಲು ತೆರೆಯಿತು. ಮಾವ ಒಳಗೆ ಬಂದ. ಸ್ನಾನ ಮಾಡಿ, ತಲೆ ಬಾಚಿ, ಮದುವೆ ಮನೆಗೆ ಹೊರಟವನಂತೆ ಕೋಟು ತೊಟ್ಟಿದ್ದ. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಮಾವ ಕುರ್ಚಿಯ ಪಕ್ಕಕ್ಕೆ ಬಂದು ನಿಂತು ಗುಬ್ಬಿಯ ತಲೆಯ ಮೇಲೆ ಕೈ ಇಟ್ಟ.

"ಹಲ್ಲು ನೋವಾದ್ರೆ ನಂಗೆ ಹೇಳ್ಬಾರ್ದಾ? ನಿನ್ನನ್ನ ಊರೆಲ್ಲ ಹುಡುಕಿದ್ದಾಯ್ತು. ಒಳ್ಳೇ ಸುದ್ದಿ ಇದೆ ಕಣೇ."

ಮಧ್ಯಾಹ್ನ ಮಂಡಳಿ ಸೇರಿತ್ತಂತೆ. ಖಾಲಿಯಾದ ಸ್ಥಾನ ಹಾಗೇ ಬಿಡುವುದು ಚೆನ್ನಲ್ಲ ಎಂದು ದೊಡ್ಡವರು ಹೇಳಿದರಂತೆ. ಕೂಟದಲ್ಲೇ ಬೆಳೆದವಳು, ಹೆಣ್ಣುಮಗಳು, ಪೊಲೀಸು. ಇದಕ್ಕಿಂತ ಯೋಗ್ಯರು ಯಾರಿದ್ದಾರೆ ಎಂದು ಎಲ್ಲರೂ ಒಪ್ಪಿದರಂತೆ. ಇವತ್ತಿನಿಂದ ಗುಬ್ಬಿ ಕೂಟದ ಡೈರೆಕ್ಟರು. ಡೈರೆಕ್ಟರಾದ ಮೇಲೆ ಕೂಟದ ಕೇಸನ್ನು ಅವಳೇ ತನಿಖೆ ಮಾಡುವುದು ಸರಿಯಲ್ಲವಲ್ಲ, ಅದಕ್ಕೆ ಸಾಹೇಬರು ಅದನ್ನು ಇನ್ನೊಬ್ಬರಿಗೆ ವಹಿಸಿಬಿಟ್ಟಿದ್ದಾರಂತೆ. ನಿನ್ನ ತಲೆಭಾರ ಇಳೀತು ನೋಡು ಅಂದ ಮಾವ.

ಗುಬ್ಬಿ ನನಗೆ ಬೇಡ ಎನ್ನಲು ಹೋದಳು. ತುಟಿ ಅವಳ ಮಾತು ಕೇಳಲಿಲ್ಲ. ಬಾಯಿಯ ಮೂಲೆಯಿಂದ ನೀರು ಇಳಿಯಿತು.

"ಮಾತಾಡ್ಬೇಡ, ಮರಗಟ್ಟಿದೆ," ಮಾವ ಅಕ್ಕರೆಯಿಂದ ಅಂದ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದ. "ಇವರಿಗೆ ಥ್ಯಾಂಕ್ಸ್ ಹೇಳು. ನಿನ್ನ ಹೆಸರು ಎತ್ತಿದ್ದೇ ಇವರು."

ಗುಬ್ಬಿ ಡಾಕ್ಟರಮ್ಮನನ್ನು ನೋಡಿದಳು. ಡಾಕ್ಟರಮ್ಮ ಮಾಸ್ಕನ್ನು ಮೂಗಿನ ಮೇಲೆ ಇನ್ನಷ್ಟು ಎಳೆದುಕೊಂಡು, ತಟ್ಟೆಯ ಸಾಮಾನುಗಳನ್ನು ಒಂದೊಂದಾಗಿ ಜೋಡಿಸತೊಡಗಿದರು. ತಲೆ ಎತ್ತಲಿಲ್ಲ. ಹಾಗಾದರೆ ಇಷ್ಟು ಹೊತ್ತು ಹೇಳಿದ್ದರಲ್ಲಿ ಯಾವುದು ನಿಜ, ಯಾವುದು ಅವಳ ಬಾಯಿಗೆ ತುರುಕಿದ ಸುಳ್ಳು? ಹೆದರಿ ಹೆಸರು ಎತ್ತಿದರೋ, ಹೆದರಿಸಲು ಎತ್ತಿದರೋ?

ಮಾವ ತೋಳು ಚಾಚಿದ. "ಬಾ, ನಿಧಾನಕ್ಕೆ. ದೊಡ್ಡವರು ಕೆಳಗೆ ಕಾರಲ್ಲಿ ಕಾಯ್ತಿದ್ದಾರೆ. ಹೊಸ ಡೈರೆಕ್ಟರಿಗೆ ಕಟ್ಟಡ ಎಲ್ಲ ತೋರಿಸ್ಬೇಕಂತೆ."

ಅವಳು ಆ ತೋಳನ್ನು ಮುಟ್ಟದೆ ಎದ್ದಳು. ಬಾಗಿಲಲ್ಲಿ ಅವನಿದ್ದಾನೆ, ಅವನನ್ನು ಬೀಳಿಸಬಲ್ಲಳು, ಅವನೇ ಕಲಿಸಿದ ಹೊಡೆತದಿಂದ. ಬೀದಿಗೆ ಇಳಿದು ಜನರ ನಡುವೆ ಓಡಿದರೆ ಯಾರೂ ಏನೂ ಮಾಡಲಾರರು. ದಾರಿ ಅಳೆಯಲು ಅವಳು ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದಳು.

ಕಪ್ಪು ಕಾರು ಬಾಗಿಲಿಗೇ ತಾಗಿದಂತೆ ನಿಂತಿತ್ತು. ಸ್ಟಿಯರಿಂಗ್ ಹಿಂದೆ ಸಾಹೇಬರು. ಹಿಂದಿನ ಸೀಟಿನಲ್ಲಿ ದೊಡ್ಡವರು, ಮಡಿಲಲ್ಲಿ ಊರುಗೋಲು. ಅವರ ಪಕ್ಕದಲ್ಲಿ ಇನ್ನೊಬ್ಬರಿದ್ದರು. ದೊಡ್ಡವರು ಏನೋ ತಮಾಷೆಯ ಮಾತು ಹೇಳಿರಬೇಕು, ಆ ಇನ್ನೊಬ್ಬರು ನಗುತ್ತ ಕಾರಿನ ಕಿಟಕಿಯಿಂದ ಹೊರಗೆ ಬಗ್ಗಿದರು, ಮೇಲೆ ನೋಡಿದರು.

ಅಮ್ಮ.

ಇದ್ದುದರಲ್ಲಿ ಒಳ್ಳೆಯ ಉಡುಪು ತೊಟ್ಟುಕೊಂಡಿದ್ದಳು. ಮಗಳನ್ನು ಕಂಡು ಅವಳ ಮುಖ ಅರಳಿತು. ಬೇಗ ಬಾ ಎಂದು ಕೈ ಬೀಸಿದಳು. ಆಮೇಲೆ ದೊಡ್ಡವರ ಕಡೆಗೆ ಇನ್ನೂ ಸ್ವಲ್ಪ ಸರಿದು, ಸೀಟನ್ನು ಅಂಗೈಯಿಂದ ಒರೆಸಿ, ಗುಬ್ಬಿಗೆ ಜಾಗ ಮಾಡಿಕೊಟ್ಟಳು.